ಕಟಿಂಗ್ ಮಾಸ್ಟರಿಗೆ ಕಂಪ್ಯೂಟರ್ ಕೊಟ್ಟ ನಂಬರು

ಹೋದ ವಾರ ನಮ್ಮ ಯೂನಿಟ್ಟಿನಲ್ಲಿ ಕಟಿಂಗ್ ಮಷೀನಿನ ಬ್ಲೇಡು ಮೊಂಡಾಗಿ, ಜೀನ್ಸ್ ಬಟ್ಟೆಯನ್ನು ಒಂದರ ಮೇಲೊಂದು ಹರಡಿದ ದಪ್ಪ ಹಾಸಿನ ನಡುವೆ ಸಿಕ್ಕಿಕೊಂಡು ಬಿಸಿಯಾಯಿತು. ನೀಲಿ ಬಣ್ಣ, ಹತ್ತಿ, ಎಣ್ಣೆ ಮೂರೂ ಒಟ್ಟಿಗೆ ಸುಟ್ಟ ವಾಸನೆ... ಮೂಗಿಗೆ ಬಿದ್ದ ಕೂಡಲೇ "ಮಾಸ್ಟ್ರೇ, ಬ್ಲೇಡು" ಎಂದು ಕೂಗಿಬಿಟ್ಟೆ. ಹೊಲಿಗೆಯವರು ತಲೆಯೆತ್ತಿ ನೋಡಿದರು. ಈಗ ಕತ್ತರಿಸುವವನನ್ನು ನಾವು ಹೆಸರು ಹಿಡಿದು ಕರೆಯುತ್ತೇವೆ, ಮಾಸ್ಟರ್ ಎನ್ನುವುದಿಲ್ಲ. ನಾನು ಕರೆದದ್ದು ಯಾರನ್ನು ಎಂದು ಅವರಿಗೆ ಗೊತ್ತಾಗಲಿಲ್ಲ.

ನಮ್ಮ ಮಾಸ್ಟರ್ ಗುಮ್ಮಘಟ್ಟದ ಕಡೆಯವರು. ಮನೆಯಲ್ಲಿ ಕುರಿ, ಮಳೆ ಬಂದರೆ ಹೊಲ. ಬಳ್ಳಾರಿಗೆ ಹೋಗಿ ಕತ್ತರಿ ಹಿಡಿಯುವುದನ್ನು ಕಲಿತು ಬಂದಿದ್ದರು. ನಾನು ರೊಳ್ಳದಿಂದ ಹೊಟ್ಟೆಪಾಡಿಗೆ ಹೊರಟವನು. ಅವರಿವರ ಬಳಿ ಹೊಲಿದು, ಕೊನೆಗೆ ಆಂಧ್ರಕ್ಕೆ ಸೇರಿದ ರಾಯದುರ್ಗದಲ್ಲಿ ಒಂದು ಬಾಡಿಗೆ ಶೆಡ್ಡು ಹಿಡಿದೆ. ಹೊಸದಾಗಿ ಯೂನಿಟ್ ಹಾಕುವವರಿಗೆ ಈಗಲೂ ಹೇಳುತ್ತೇನೆ: ಶೆಡ್ಡಿನಲ್ಲಿ ಚೌಕಾಸಿ ಮಾಡಿ, ಮಷೀನಿನಲ್ಲಿ ಮಾಡಿ, ದಾರದಲ್ಲಿ ಮಾಡಿ, ಕಟಿಂಗ್ ಮಾಸ್ಟರ್ ವಿಷಯದಲ್ಲಿ ಮಾತ್ರ ಬೇಡ. ಹೊಲಿಗೆ ತಪ್ಪಿದರೆ ಬಿಚ್ಚಬಹುದು. ಕತ್ತರಿಸಿದ್ದನ್ನು ಬಿಚ್ಚಲಾಗದು.

ಅವರ ಹುಚ್ಚು ಒಂದೇ, ಚದುರಂಗ. ಊಟದ ಹೊತ್ತಿಗೆ ಕಟಿಂಗ್ ಟೇಬಲ್ಲಿನ ಮೂಲೆಯಲ್ಲಿ ಟೈಲರ್ ಚಾಕಿನಿಂದ ಮನೆ ಗೀಚಿ ಕಾಯಿ ಹೂಡುತ್ತಿದ್ದರು. ಗುಂಡಿ, ರಿವೆಟ್ಟು ತಂದು ಮಾರುವ ಒಬ್ಬರು ಎದುರಿಗೆ ಕೂರುತ್ತಿದ್ದರು. ಅವರು ಸಂಸಾರ ಕಟ್ಟಿಕೊಂಡು ಗಾರ್ಮೆಂಟ್ಸ್ ಕೆಲಸಕ್ಕೆ ಬೆಂಗಳೂರಿಗೆ ಹೋದ ಮೇಲೆ ಉಳಿದದ್ದು ನಮ್ಮ ಮಾವ, ಅಂದರೆ ನನ್ನ ಹೆಂಡತಿಯ ತಂದೆ. ಮಾವ ಮಡಕಶಿರಾದಿಂದ ಮಗಳನ್ನು ನೋಡಲು ಬಂದಾಗ, ಮಗಳಿಗಿಂತ ಹೆಚ್ಚು ಹೊತ್ತು ಮಾಸ್ಟರ್ ಮುಖ ನೋಡುತ್ತಿದ್ದರು. ಇಬ್ಬರದೂ ಹಳ್ಳಿಕಟ್ಟೆಯ ಆಟ. ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯಬೇಕು. ರಾಜ ಆಟದಲ್ಲಿ ಒಮ್ಮೆ ಕುದುರೆಯಂತೆ ಹಾರಬಹುದು. ಆ ಒಂದು ಹಾರಾಟವನ್ನು ಯಾವಾಗ ಬಳಸಬೇಕೆಂಬುದರಲ್ಲೇ ಅರ್ಧ ಜಾಣತನ ಎಂದು ಮಾಸ್ಟರ್ ಹೇಳುತ್ತಿದ್ದರು. ನನಗೆ ಅಷ್ಟು ತಾಳ್ಮೆ ಎಲ್ಲಿ? ನೋಡುತ್ತ ನಿಂತು, ಟೀ ತರಿಸಿ, ಕೆಲಸಕ್ಕೆ ಎಬ್ಬಿಸುತ್ತಿದ್ದೆ.

ಒಂದು ವರ್ಷ ಊರಿಗೆಲ್ಲ ಕೀಲುನೋವಿನ ಜ್ವರ ಬಂತು. ಮಾಸ್ಟರ್ ಮಲಗಿದರು, ಎದ್ದರು, ಪೂರ್ತಿ ಸುಧಾರಿಸುವ ಮೊದಲೇ ಕೆಲಸಕ್ಕೆ ಬಂದರು. ಜೀನ್ಸ್ ಬಟ್ಟೆಗೆ ಒಳಮೈ ಬೇರೆ, ಹೊರಮೈ ಬೇರೆ. ರಟ್ಟಿನ ಪ್ಯಾಟರ್ನ್ ಇಟ್ಟು ಒಂದು ಕಾಲಿಗೆ ಗೀಟು ಹಾಕಿದ ಮೇಲೆ, ಅದನ್ನೇ ಮಗುಚಿ ಇನ್ನೊಂದು ಕಾಲಿಗೆ ಹಾಕಬೇಕು. ಅವರು ಮಗುಚುವುದನ್ನು ಮರೆತರು. ಇಡೀ ಹಾಸು ಕತ್ತರಿಸಿ ಮುಗಿದ ಮೇಲೆ ನೋಡಿದರೆ ಎಲ್ಲವೂ ಎಡಗಾಲು! ಹೊಲಿಗೆಯವರು ನಕ್ಕರು. ನಾನು ಅದರಲ್ಲಿ ಮಕ್ಕಳ ಚಡ್ಡಿ ಎಷ್ಟು ಬರಬಹುದೆಂದು ಲೆಕ್ಕ ಹಾಕುತ್ತಿದ್ದೆ. ಮಾಸ್ಟರ್ ಮಾತ್ರ ಗೋಡೆಗೆ ಒರಗಿ ಕೂತುಬಿಟ್ಟರು.

ಅವರ ಅಣ್ಣನಿಗೆ ಹೀಗೇ ಶುರುವಾಗಿತ್ತಂತೆ. ಮೊದಲು ಕುರಿ ದೊಡ್ಡಿಯ ಬಾಗಿಲು ಮರೆತ. ಆಮೇಲೆ ಊರ ದಾರಿ ಮರೆತ. ಕೊನೆಗೆ ಅನ್ನ ಬಡಿಸಲು ಬಂದ ಹೆಂಡತಿಯನ್ನೇ "ನೀ ಯಾರವ್ವ?" ಎಂದು ಕೇಳಿದ... ಇದನ್ನು ಅವರು ನನಗೆ ಅದುವರೆಗೆ ಹೇಳಿರಲಿಲ್ಲ. ಆವತ್ತು ಹೇಳಿದರು. ಮಾರನೆಯ ದಿನ ನಾನೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಜ್ವರದ ನಿಶ್ಶಕ್ತಿ ಇನ್ನೂ ಇದೆ, ಊಟ ನಿದ್ದೆ ಸರಿಯಾಗಲಿ ಎಂದರು ಡಾಕ್ಟರು. ಮಾಸ್ಟರಿಗೆ ಸಮಾಧಾನವಾಗಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಆಗ ಒಂದು ಇಂಟರ್‌ನೆಟ್ ಸೆಂಟರ್ ಇತ್ತು. ಅಲ್ಲಿನ ಕಂಪ್ಯೂಟರಿನಲ್ಲಿ ಚದುರಂಗವಿದೆ, ಆಡಿ ಮುಗಿಸಿದರೆ ನಿನ್ನ ತಲೆ ಎಷ್ಟರ ಮಟ್ಟಿನದು ಎಂದು ರೇಟಿಂಗ್ ಕೊಡುತ್ತದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಯಾರಿಗೂ ಹೇಳದೆ ಹೋಗಿ ಆಡಿದ್ದಾರೆ. ಸೋತಿದ್ದಾರೆ. ಕೊನೆಗೆ ಪರದೆಯ ಮೇಲೆ ಒಂದು ನಂಬರು ಬಂದಿದೆ. ಎಂಥ ನಂಬರು ಎಂದು ಸೆಂಟರಿನವನನ್ನು ಕೇಳಿದರೆ, ಈಗ ತಾನೆ ಕಲಿಯುವವರದು ಎಂದು ತೆಲುಗಿನಲ್ಲಿ ಹೇಳಿ ನಕ್ಕನಂತೆ.

ಮಾರನೆಯ ಬೆಳಿಗ್ಗೆ ಬಂದವರೇ ಕತ್ತರಿಯನ್ನು ನನ್ನ ಮುಂದಿಟ್ಟರು.

"ಇದನ್ನ ಇಟ್ಕೊಳ್ರಿ. ನನ್ನ ತಲಿ ಹೋಗೈತಿ. ನಾಳೆ ಮಷೀನ್‌ನಾಗ ಯಾರದರ ಕೈಬಟ್ಟು ಕತ್ತರಿಸಿದೆ ಅಂದ್ರ?"

"ಯಾವನೋ ಪೆಟ್ಟಿಗೆ ಹೇಳಿದ್ದನ್ನ ನಂಬ್ತೀರಾ ಮಾಸ್ಟ್ರೇ?"

"ಅದು ಯಾಕ ಸುಳ್ಳು ಹೇಳತೈತ್ರಿ? ಅದಕ್ಕೇನು ನನ್ಮ್ಯಾಲೆ ಸಿಟ್ಟೈತೇನು?"

ನಾನು ವ್ಯಾಪಾರದವನು. ಯಾರಾದರೂ ಒಂದು ಅಳತೆ ಹೇಳಿದರೆ, ಅಳತೆಯನ್ನು ಆಮೇಲೆ ನೋಡುತ್ತೇನೆ, ಮೊದಲು ಅಳೆದ ಪಟ್ಟಿಯನ್ನು ನೋಡುತ್ತೇನೆ. ಸಂಜೆ ಸೆಂಟರಿಗೆ ಹೋಗಿ ಅದೇ ಕಂಪ್ಯೂಟರಿನ ಮುಂದೆ ಕೂತೆ. ಕಾಯಿ ಹೇಗೆ ನಡೆಯುತ್ತದೆ ಎಂಬುದು ನನಗೆ ಅರ್ಧಂಬರ್ಧ ಗೊತ್ತು. ತಪ್ಪು ನಡೆಗೆ ಅದು ಕುಂಯ್ ಎನ್ನುತ್ತಿತ್ತು, ಬೇರೆ ನಡೆಸುತ್ತಿದ್ದೆ. ಸ್ವಲ್ಪ ಹೊತ್ತು ಪಂಡಿತನಂತೆ ಆಡಿದ ಕಂಪ್ಯೂಟರು, ಇದ್ದಕ್ಕಿದ್ದಂತೆ ತನ್ನ ಮಂತ್ರಿಯನ್ನು ತಂದು ನನ್ನ ಕಾಲಾಳಿನ ಬಾಯಿಗೆ ಇಟ್ಟಿತು! ಪುಕ್ಕಟೆ ಬಂದದ್ದನ್ನು ಬಿಡುವ ಜಾಯಮಾನ ನನ್ನದಲ್ಲ, ತಿಂದೆ. ಇನ್ನೊಂದಷ್ಟು ಹೊತ್ತಿಗೆ ಆನೆಯನ್ನೂ ಕೊಟ್ಟಿತು. ನಾನು ಗೆದ್ದೆ. ನನಗೆ ಬಂದ ನಂಬರು ಮಾಸ್ಟರ್ ನಂಬರಿಗಿಂತ ಮೇಲೆ.

ಆಗ ನನ್ನ ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ನನ್ನನ್ನು ಮಾಸ್ಟರಿಗಿಂತ ದೊಡ್ಡ ಆಟಗಾರ ಎನ್ನುವ ತಕ್ಕಡಿಯಲ್ಲಿ ಏನೋ ಐಬಿದೆ, ಇದನ್ನು ತಿಳಿಯಲು ಚದುರಂಗ ಬರಬೇಕಾಗಿಲ್ಲ.

ಮುಂದೆ ಬಟ್ಟೆ ಖರೀದಿಗೆ ಅನಂತಪುರಕ್ಕೆ ಹೋದಾಗ, ಅಲ್ಲಿ ಚದುರಂಗ ಕಲಿಸುವ ಒಬ್ಬರನ್ನು ಹುಡುಕಿ ಕೇಳಿದೆ. ಮನುಷ್ಯರ ರೇಟಿಂಗ್ ಮನುಷ್ಯರ ಜೊತೆ ಬಹಳ ಆಟ ಆಡಿ, ಗೆದ್ದು ಸೋತು ಬರುವಂಥದ್ದು. ಕಂಪ್ಯೂಟರ್ ಒಂದೇ ಆಟ ನೋಡಿ ಹೇಳುವುದು ಅಂದಾಜು. ಅದನ್ನು ಕೆಳಗಿನ ಮಟ್ಟಕ್ಕೆ ಇಳಿಸಿಟ್ಟರೆ ದಡ್ಡ ಮನುಷ್ಯನಂತೆ ತಪ್ಪುವುದಿಲ್ಲ, ಜಾಣನಂತೆ ಆಡುತ್ತ ಆಡುತ್ತ ಬೇಕೆಂದೇ ಒಮ್ಮೆ ಎಡವುತ್ತದೆ. ಆ ಎಡವಿದ ಗಳಿಗೆಗೆ ಎದುರು ಕೂತವನ ನಂಬರು ಏರುತ್ತದೆ ಎಂದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅದು ವಾಷಿಂಗಿಗೆ ಹಾಕುವ ಮೊದಲು ಪ್ಯಾಂಟು ಅಳೆದಂತೆ. ಟೇಪು ಸುಳ್ಳಲ್ಲ. ಆದರೆ ತೊಳೆದ ಮೇಲೆ ಬಟ್ಟೆ ಎಷ್ಟು ಕುಗ್ಗುತ್ತದೋ ಅದಕ್ಕೆ ಗೊತ್ತಿಲ್ಲ, ಹಾಕಿಕೊಳ್ಳುವವನ ಸೊಂಟವಂತೂ ಗೊತ್ತೇ ಇಲ್ಲ.

ಇದೆಲ್ಲ ನಾನು ಆಮೇಲೆ ತಿಳಿದದ್ದು. ಸೆಂಟರಿನಲ್ಲಿ ಆಡಿದ ಮರುದಿನ ಮಾಸ್ಟರಿಗೆ ನನ್ನ ನಂಬರನ್ನಷ್ಟೇ ಹೇಳಿದೆ.

"ನಿಮಗಾ?" ಎಂದರು. "ಕುದುರಿ, ಒಂಟಿ ಯಾವ ಕಡಿ ಓಡತಾವ ಅಂತ ಗೊತ್ತಿಲ್ಲ ನಿಮಗ."

"ಗೊತ್ತಿಲ್ಲ. ಆದ್ರೂ ಕೊಡ್ತು."

ಮಾಸ್ಟರಿಗೆ ನಗು ಬಂತು, ಆದರೆ ಉಳಿಯಲಿಲ್ಲ. ಆವತ್ತು ತಾನು ರಾಜನನ್ನು ಕುದುರೆಯಂತೆ ಹಾರಿಸಲು ಹೋದರೆ ಕಂಪ್ಯೂಟರು ಬಿಡಲೇ ಇಲ್ಲ, ಕುಂಯ್ ಎಂದಿತು. ಸರಿಯಾದ ನಡೆಯೂ ತನಗೆ ಮರೆತುಹೋಯಿತೇ ಎಂದು ಹೆದರಿ, ಆಮೇಲೆ ಸಿಕ್ಕ ಸಿಕ್ಕ ಕಾಯಿ ನಡೆಸಿದೆ ಎಂದರು. ಅಲ್ಲಿಗೆ ನನಗೆ ಆ ತಕ್ಕಡಿಯ ಐಬೂ ಅರ್ಥವಾಯಿತು. ಊರಿನ ಆಟ ಆಡುವವರನ್ನು ಪಟ್ಟಣದ ಆಟದಲ್ಲಿ ಅಳೆದಿದ್ದಾರೆ. ಆದರೂ ಹೆದರಿದವರಿಗೆ ನ್ಯಾಯ ಹೇಳಿ ಪ್ರಯೋಜನವಿಲ್ಲ, ಕರಾರು ಮಾಡಿಕೊಳ್ಳಬೇಕು. ಮಡಕಶಿರಾಕ್ಕೆ ಬನ್ನಿ, ನಮ್ಮ ಮಾವನ ಜೊತೆ ಒಂದಾಟ ಆಡಿ, ಮಾವನಿಗೆ ವಿಷಯ ಹೇಳುವುದಿಲ್ಲ, ಆಟ ಮುಗಿದ ಮೇಲೆ ಅವರ ಬಾಯಿಂದ ಏನು ಬರುತ್ತದೋ ಅದಕ್ಕೆ ಇಬ್ಬರೂ ಬದ್ಧರು ಎಂದೆ. ಕತ್ತರಿ ಅಲ್ಲಿಯವರೆಗೆ ನನ್ನ ಬಳಿ ಇರಲಿ. ಒಪ್ಪಿದರು.

ಬಸ್ಸು ಬದಲಿಸಿ ಬದಲಿಸಿ ಹೋದೆವು. ಮಾವ ನಿಜಕ್ಕೂ "ಏನಾಗೈತೆ ಇವರಿಗೆ" ಎಂದುಬಿಟ್ಟರೆ? ಕರಾರು ಮಾಡಿದವನು ನಾನೇ.

ಜಗಲಿಯ ಮೇಲೆ ಆಟ ಶುರುವಾಯಿತು. ಕಾಲಾಳು ಒಂದೊಂದೇ ಮನೆ ನಡೆದವು. ಮಾಸ್ಟರ್ ಬೆರಳು ಮೊದಮೊದಲು ಕಾಯಿಯ ಮೇಲೆ ನಿಂತು ನಿಂತು ಹೋಗುತ್ತಿತ್ತು. ಟೀ ಆರಿತು. ರಾಜ ಹಾರಿದ, ಯಾವುದೂ ಕುಂಯ್ ಎನ್ನಲಿಲ್ಲ. ಕೊನೆಗೆ ಮಾಸ್ಟರ್ ಆನೆ ಕಳೆದುಕೊಂಡು ಸೋತರು.

ಮಾವ ಕಾಯಿಗಳನ್ನು ಡಬ್ಬಿಗೆ ತುಂಬುತ್ತ, ತಲೆಯೆತ್ತದೆ ಹೇಳಿದರು:

"ಏನ್ ಮಾಸ್ಟ್ರೇ, ಹೋದ ಯುಗಾದಿಗೆ ಹೆಂಗಾಡಿದ್ರೋ ಇವತ್ತೂ ಹಂಗೇ ಆಡ್ತೀರ. ಅದೇ ಆನೆ, ಅದೇ ಆತುರ. ಒಂಚೂರೂ ಬದಲಾಗಿಲ್ಲ ಕಣ್ರೀ ನೀವು."

ಮಾಸ್ಟರ್ ಅವರನ್ನೇ ನೋಡಿದರು. "ಇನ್ನೊಮ್ಮೆ ಹೇಳ್ರಿ," ಎಂದರು.

ಮಾವ ಬೈಗುಳವೆಂದುಕೊಂಡೇ ಇನ್ನೊಮ್ಮೆ ಹೇಳಿದರು. ಮಾಸ್ಟರ್ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಹೋದ ಯುಗಾದಿಯ ಆಟದಲ್ಲಿ ಮಾವ ಎಲ್ಲಿ ಕುದುರೆ ತಂದು ಕೆಟ್ಟರು, ತಾನು ಹೇಗೆ ಕಟ್ಟಿಹಾಕಿದೆ, ಒಂದೊಂದೇ ನಡೆ ಬಿಡಿಸಿ ಹೇಳತೊಡಗಿದರು. ಮಾವ ಇಲ್ಲ ಎಂದರು. ಜಗಳವಾಯಿತು. ಅಷ್ಟು ಚೆಂದದ ಜಗಳವನ್ನು ನಾನು ಕೇಳಿಲ್ಲ. ಹಿತ್ತಲಿಗೆ ಹೋಗಿ ಒಬ್ಬನೇ ನಿಂತು, ಉಸಿರು ಪೂರ್ತಿ ಬಿಟ್ಟು ಬಂದೆ.

ಕತ್ತರಿಯನ್ನು ರಾಯದುರ್ಗದಲ್ಲಿ ಬಸ್ಸಿಳಿದ ಕೂಡಲೇ ಕೇಳಿದರು. ಅಂದಿನಿಂದ ನಮ್ಮಲ್ಲಿ ಪ್ಯಾಟರ್ನಿನ ಎರಡೂ ಮೈ ಮೇಲೆ ಎಡ, ಬಲ ಎಂದು ಬರೆದಿಡುತ್ತೇವೆ, ಮಷೀನು ಹಾಕುವ ಮೊದಲು ಇನ್ನೊಬ್ಬರು ನೋಡುತ್ತಾರೆ. ನೀವೂ ಮಾಡಿ. ಮರೆವು ಯಾರ ಅಪ್ಪನ ಆಸ್ತಿಯೂ ಅಲ್ಲ.

ಆಮೇಲೆ ಬಹಳ ವರ್ಷ ಅವರು ಕತ್ತರಿಸಿದರು. ಹೋದದ್ದು ಎದೆನೋವಿನಿಂದ, ಗುಮ್ಮಘಟ್ಟದ ಮನೆಯಲ್ಲಿ. ಸುದ್ದಿ ತಿಳಿದು ಹೋದಾಗ ಅವರ ಹೆಂಡತಿ ಬಾಗಿಲಲ್ಲಿ ಕೂತಿದ್ದರು. ಎದುರಿಗೆ ಹೋಗಿ ಕೂತೆ... ಅವರೇ ಹೇಳಿದರು. ಹೋದ ದಿನ ಬೆಳಿಗ್ಗೆಯೂ ಮಾಸ್ಟರ್ ಸಾರಿಗೆ ಉಪ್ಪು ಹೆಚ್ಚಾಯಿತೆಂದು, ಮದುವೆಯಾದ ಹೊಸದರಲ್ಲೂ ನಿನ್ನ ಕೈ ಹೀಗೇ ಇತ್ತೆಂದು, ಹೆಸರು ಹಿಡಿದು ಕರೆದು ರೇಗಿಸಿದರಂತೆ.

ನಮ್ಮ ಟೇಬಲ್ಲಿನ ಆ ಮೂಲೆಯಲ್ಲಿ ಈಗ ಯಾರೂ ಮನೆ ಗೀಚುವುದಿಲ್ಲ. ಆ ಹೊತ್ತಿಗೆ ಎಲ್ಲರೂ ಫೋನು ನೋಡುತ್ತಾರೆ. ನನಗೆ ಅವರಿಲ್ಲದ್ದು ಊಟದ ಹೊತ್ತಿನಲ್ಲೇ ಹೆಚ್ಚು ಗೊತ್ತಾಗುತ್ತದೆ. ಆದರೆ ಅವರು ಹೆದರಿಕೊಂಡಿದ್ದ "ನೀ ಯಾರವ್ವ?" ಎಂಬ ಆ ಪ್ರಶ್ನೆಯನ್ನು ಕೊನೆಯವರೆಗೂ ಆ ಮನೆಯಲ್ಲಿ ಯಾರನ್ನೂ ಕೇಳಲಿಲ್ಲ.