ಕುಸಿಯಬೇಕಿದ್ದ ಕೊಳವೆ

ಹೋದ ವರ್ಷ ತುರುವೇಕೆರೆಯ ವಿಜ್ಞಾನ ಪ್ರದರ್ಶನದಲ್ಲಿ ನನಗಾದ ಅನ್ಯಾಯ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಕಾಲೇಜು ಮೆಟ್ಟಿಲು ಹತ್ತದೆ ಮೊಬೈಲಿನಲ್ಲೇ ಓದಿ ಕಲಿತವನು ನಾನು. ತೆಂಗಿನಗರಿಯ ಕಡ್ಡಿಗಳನ್ನು ಆರು ಮೂಲೆಯ ಕಣ್ಣುಗಳಾಗಿ ಜೋಡಿಸಿ, ನಾರಿನಲ್ಲಿ ಬಿಗಿದು, ಕಣ್ಣಿಗೆ ಕಾಣದಷ್ಟು ಸಣ್ಣದಾದ ಕಾರ್ಬನ್ ನ್ಯಾನೊಕೊಳವೆಯ ಮೊಳದುದ್ದದ ಮಾದರಿ ಮಾಡಿದ್ದೆ. ಒಂದೊಂದು ಗಂಟೂ ಒಂದೊಂದು ಕಾರ್ಬನ್ ಪರಮಾಣು. ಕೆಲವು ಕಡೆ ಮಾತ್ರ ನಾರು ಬಿಟ್ಟು ಕೆಂಪು ದಾರವನ್ನು ಸಡಿಲವಾಗಿ ಕಟ್ಟಿದ್ದೆ; ಅದು ಕಾರ್ಬನ್ ಜಾಗದಲ್ಲಿ ಸೇರಿಸಿದ ಬೋರಾನ್ ಪರಮಾಣು. ಇಂಥ ಬೆರಕೆಗೆ ಡೋಪಿಂಗ್ ಅನ್ನುತ್ತಾರೆ. ಹದವಾಗಿದ್ದರೆ, ವಿಪರೀತ ಚಳಿಯಲ್ಲಿ ಕರೆಂಟು ತಡೆಯೇ ಇಲ್ಲದೆ ಹರಿಯುವ ಗುಣ, ಅಂದರೆ ಸೂಪರ್‌ಕಂಡಕ್ಟಿವಿಟಿ, ಹೆಚ್ಚಬಹುದು. ಮಿತಿ ಮೀರಿದರೆ ಕೊಳವೆಯೇ ದುರ್ಬಲ. ಬೋರ್ಡಿನಲ್ಲಿ ಇದನ್ನೇ ಬರೆದಿದ್ದೆ. ಮಾದರಿಯನ್ನು ಒತ್ತಿದರೆ ಕೆಂಪು ಗಂಟುಗಳಿರುವ ಕಡೆ ಕುಸಿಯಬೇಕು ಎಂಬ ಸಾಲೂ ಅದರಲ್ಲಿತ್ತು.

ತೀರ್ಪುಗಾರರು ಒತ್ತಿದರು. ಅಲುಗಲಿಲ್ಲ.

"ಎಲ್ಲಪ್ಪಾ ಕುಸೀತು? ತಪ್ಪು ಬರ್ದಿದ್ದೀಯ. ಕೆಲಸ ಮಾತ್ರ ಚೆನ್ನಾಗಿದೆ, ಕರಕುಶಲ ವಿಭಾಗಕ್ಕೆ ಹಾಕ್ತೀನಿ ಬಿಡು" ಎಂದು ಆ ಸಾಲನ್ನು ಹೊಡೆದು ಹಾಕಿ ಮುಂದಿನ ಮೇಜಿಗೆ ಹೋದರು. ಯಾಕೆ ಹೀಗಾಯಿತು ಅಂತ ಒಂದು ಮಾತು ಕೇಳಬಾರದೇ? ಕೇಳದವರಿಗೆ ವಿಜ್ಞಾನದ ತೀರ್ಪು ಯಾಕೆ?

ಪಕ್ಕದಲ್ಲಿ ನನ್ನ ಸೋದರಮಾವ ಬೀಗುತ್ತ ನಿಂತಿದ್ದ. ನಮ್ಮೂರಲ್ಲಿ ಯಾರ ಮನೆಯ ಮದುವೆಗೂ ಗರಿಯ ಚಪ್ಪರ ಕಟ್ಟುವವನು ಅವನೇ.

"ಕೆಂಪು ದಾರದ್ ಗಂಟೆಲ್ಲಾ ಸಡ್ಲ ಇತ್ತು ಕಣ್ಲಾ. ಬೆಳಿಗ್ಗೆ ನಾನೇ ಒಳಗಡೆ ನಾರು ಕೊಟ್ಟು ಬಿಗ್ದೆ. ನಾನ್ ಇದ್ದೂ ನಮ್ಮನೆ ಗಂಟು ಜನದ್ ಮುಂದೆ ಬಿಚ್ಕಂಡ್ರೆ ಮಾನ ಉಳೀತದಾ?"

"ಸಡ್ಲ ಇರ್ಬೇಕಿತ್ತು ಮಾವ! ಬಿಚ್ಕಳ್ಳಿ ಅಂತಾನೇ ಕಟ್ಟಿದ್ದು!"

"ಬಿಚ್ಕಳ್ಳಿ ಅಂತ ಯಾವನ್ಲಾ ಗಂಟು ಹಾಕ್ತಾನೆ?"

ಬ್ಲೇಡು ತೆಗೆದೆ. ಅವನ ಮುಖ ಸಣ್ಣಗಾಯಿತು. ಆದರೂ ಅವನು ಹಾಕಿದ ನಾರನ್ನೆಲ್ಲ ಒಂದೊಂದಾಗಿ ಕೊಯ್ದು, ತೀರ್ಪುಗಾರರನ್ನು ಕೂಗಿ, ಒತ್ತಿ ತೋರಿಸಿದೆ. ಕೊಳವೆ ಕೆಂಪು ದಾರದ ಕಡೆಗೇ ಮಡಚಿಕೊಂಡಿತು.

"ಮುರ್ದ್ ಹಾಕ್ದಲ್ಲಪ್ಪಾ. ಇನ್ನು ಕರಕುಶಲಕ್ಕೂ ಆಗಲ್ಲ" ಎಂದರು, ನಿಂತಲ್ಲಿಂದಲೇ.

ಈಗ ಮಾವನಿಗೂ ಸಿಟ್ಟು ಬಂತು. "ಸ್ವಾಮಿ, ಹತ್ರ ಬಂದು ನೋಡ್ರೀ! ನಿಂತಿದ್ದು ನನ್ ಗಂಟಿಂದ ಕಣ್ರೀ. ಹುಡ್ಗ ಬರ್ದಿರೋದು ದಿಟ!"

ಅವರು ಬರಲಿಲ್ಲ. ಸಂಜೆ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ 'ಮಾದರಿ ಹಾಳಾಗಿದೆ' ಎಂದಷ್ಟೇ ಬರೆದಿತ್ತು.