ಪೊಳ್ಳು ಗೋಡೆಗೆ ಒದ್ದದ್ದು

ಬಂಟ್ವಾಳದ ಸುತ್ತ ಇಪ್ಪತ್ತೆರಡು ವರ್ಷ ಗಾರೆಕೆಲಸ ಮಾಡಿದವನು ನಾನು. ಶಾಲೆ ಐದನೆಯ ತರಗತಿಗೇ ಮುಗಿದಿತ್ತು. ಆದರೆ ನಾನು ಎಬ್ಬಿಸಿದ ಒಂದು ಗೋಡೆಯೂ ಈವರೆಗೆ ವಾಲಿಲ್ಲ. ಬೇಕಾದವರು ಹೋಗಿ ನೋಡಬಹುದು. ಎಂಬತ್ತರ ದಶಕದಲ್ಲಿ, ತಲೆ ಅರ್ಧ ನೆರೆತ ಮೇಲೆ, ಬೆಳ್ತಂಗಡಿಯ ಒಂದು ತರಬೇತಿ ಕೇಂದ್ರದವರು ಪಾಠ ಮಾಡಲು ಕರೆದರು. ಮೂರು ತಿಂಗಳ ನಂತರ ಮಂಗಳೂರಿನ ಅಧಿಕಾರಿ ಬಂದು ಒಪ್ಪಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆಗೆ. ನಾನೋ, ಊರಿಡೀ "ಇನ್ನು ನಾನು ಮಾಷ್ಟ್ರು" ಎಂದು ಹೇಳಿಕೊಂಡು ತಿರುಗಿಯಾಗಿತ್ತು.

ಕಲಿಸಬೇಕಾದದ್ದು ಪೊಳ್ಳು ಗೋಡೆ. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಎರಡು ಸಾಲಿನ ನಡುವೆ ಖಾಲಿ ಜಾಗ ಬಿಟ್ಟು ಕಟ್ಟುವುದು. ಇಟ್ಟಿಗೆ ಕಡಿಮೆ, ಹಾಗಾಗಿ ಅದನ್ನು ಸುಡುವ ಸೌದೆಯೂ ಕಡಿಮೆ. ನಡುವಿನ ಗಾಳಿ ಹೊರಗಿನ ಸೆಕೆಯನ್ನು ಒಳಗೆ ಬಿಡುವುದಿಲ್ಲ. ಇದನ್ನು ನಾನೂ ಒಬ್ಬ ಇಂಜಿನಿಯರರ ಬಳಿ ಒಂದು ತಿಂಗಳು ಕಲಿತು ಬಂದಿದ್ದೆ. ತಲೆಗೆ ಹತ್ತಿತ್ತು, ಕೈಕಾಲಿಗೆ ಹತ್ತಿರಲಿಲ್ಲ.

ಅಧಿಕಾರಿಗೆ ತೋರಿಸಲೆಂದು ಶಿಷ್ಯರು ಎದೆಯೆತ್ತರದ ಗೋಡೆ ಕಟ್ಟಿದ್ದರು. ಅಧಿಕಾರಿ ಬರುವ ದಿನ ಬೆಳಿಗ್ಗೆ ಶಿಷ್ಯರು ಚಹಾ ಕುಡಿಯುತ್ತಿದ್ದಾಗ ನಾನು ಗೋಡೆಯ ಪಕ್ಕ ಹಾದುಹೋದೆ. ಹಾಗೆ ಹೋಗುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು ನನ್ನ ಹಳೆಯ ಚಾಳಿ. ಪೊಳ್ಳು ಸದ್ದು ಬಂದರೆ ಗಾರೆ ಸರಿ ತುಂಬಿಸಿಲ್ಲ ಎಂದರ್ಥ. ಅಂಥ ಗೋಡೆಗೆ ಒಂದು ಒದೆ ಕೊಟ್ಟು, ಕಟ್ಟಿದವನಿಂದಲೇ ಮತ್ತೆ ಕಟ್ಟಿಸುತ್ತಿದ್ದೆ. ತಟ್ಟಿದೆ. ಡಬ್ ಡಬ್ ಎಂದಿತು. ಪಿತ್ತ ನೆತ್ತಿಗೇರಿತು. ಒದ್ದೇಬಿಟ್ಟೆ. ಗೋಡೆಯ ನಡುಭಾಗ ಕುಸಿಯಿತು.

"ಯಾರು ಮಾರಾಯ ಈ ಕಳ್ಳ ಕೆಲಸ ಮಾಡಿದ್ದು? ಒಳಗೆ ಬರೀ ಗಾಳಿ!"

ಮೂಡುಬಿದಿರೆಯಿಂದ ಬಂದಿದ್ದ, ನನಗಿಂತಲೂ ಹಿರಿಯನಾದ ಶಿಷ್ಯನೊಬ್ಬ ಗ್ಲಾಸು ಕೆಳಗಿಟ್ಟ. "ಗಾಳಿಗೆ ಜಾಗ ಬಿಡ್ಲಿಕ್ಕೆ ನೀವೇ ಹೇಳಿದ್ದಲ್ವಾ ಮಾಷ್ಟ್ರೆ?"

ಅಷ್ಟರಲ್ಲಿ ಗೇಟಿನಲ್ಲಿ ಜೀಪು ನಿಂತಿತು.

"ಇದೇನು, ಗೋಡೆ ಬಿದ್ದಿದೆ?" ಎಂದರು ಅಧಿಕಾರಿ.

ನಾನು ಒದ್ದ ಕಾಲನ್ನು ಹಿಂದಕ್ಕೆಳೆದುಕೊಂಡು ಮೀಸೆ ಸವರಿಕೊಂಡೆ.

ಮೂಡುಬಿದಿರೆಯವನೇ ಮುಂದೆ ಬಂದ. "ಬಿದ್ದದ್ದಲ್ಲ ಸಾರ್, ಒಡೆದದ್ದು. ಒಳಗೆ ಹೇಗುಂಟು ಅಂತ ಮಾಷ್ಟ್ರು ತೋರಿಸಿದ್ದು."

ಅಧಿಕಾರಿ ಬಗ್ಗಿ, ಗೋಡೆಯ ಸಂದಿಯೊಳಗೆ ಮೊಣಕೈವರೆಗೆ ಕೈ ತೂರಿಸಿದರು. "ಒಳ್ಳೆ ಉಪಾಯ ಮಾರಾಯ್ರೆ! ಬೋರ್ಡಿನಲ್ಲಿ ಬರೆದ್ರೆ ಇದು ಇಷ್ಟು ಅರ್ಥ ಆಗುದಿಲ್ಲ," ಎಂದು ಅಲ್ಲೇ ಕಾಗದಕ್ಕೆ ಸಹಿ ಹಾಕಿದರು. "ಕಾಲು ಯಾಕೆ ಎಳೀತಾ ಇದ್ದೀರಿ?"

"ಏನಿಲ್ಲ ಸಾರ್," ಎಂದೆ. ಒದ್ದ ಕಾಲಿನ ಹೆಬ್ಬೆರಳು ಊದಿ ಬಟಾಟೆಯಷ್ಟಾಗಿತ್ತು.

ಜೀಪು ಹೋದದ್ದೇ ಮೂಡುಬಿದಿರೆಯವ ಗಾರೆ ಹಾಕುವ ಕರಣೆಯನ್ನು ನನ್ನ ಕೈಗೆ ಕೊಟ್ಟ. "ಇನ್ನು ಕಟ್ಟುವ. ಒಡೆದವರೇ ಅಲ್ವಾ ಕಟ್ಟುದು?"

"ಒಡೆದವರಲ್ಲ, ತಪ್ಪು ಮಾಡಿದವರು," ಎಂದೆ ಗತ್ತಿನಿಂದ.

"ಹಾಗಾದ್ರೂ ನೀವೇ."

ಖಾಯಂ ಮಾಷ್ಟ್ರಾದ ನಾನು ಒಂಟಿಕಾಲಿನಲ್ಲಿ ನಿಂತು ಇಟ್ಟಿಗೆ ಇಡತೊಡಗಿದೆ. ಶಿಷ್ಯರು ನೆರಳಲ್ಲಿ ಎರಡನೆಯ ಚಹಾ ಹಿಡಿದು ಕೂತರು.

"ಮಾಷ್ಟ್ರೆ, ಸಂದಿ ಕಡಿಮೆ ಆಯ್ತು."

ಅಳೆದು ನೋಡಿದೆ. ಕಡಿಮೆಯೇ ಇತ್ತು. ಬಿಚ್ಚಿ ಮತ್ತೆ ಇಟ್ಟೆ.