ಮೈಕಿನಲ್ಲಿ ಹೇಳಬೇಕಾಗಿದ್ದ ಹೆಸರು

ಹಳೆಯ ಮೈಕಿಗೆ ಒಂದು ವಾಸನೆ ಇರುತ್ತದೆ. ಸಭೆಗಳಲ್ಲಿ ಮಾತಾಡಿ ರೂಢಿಯಿದ್ದವರಿಗೆ ಅದು ಗೊತ್ತು. ತುಕ್ಕು, ಎಲೆಅಡಿಕೆ, ಯಾರೋ ಕುಡಿದ ಕಾಫಿ, ಇನ್ಯಾರದೋ ಉಸಿರು, ಎಲ್ಲ ಸೇರಿ ಆ ಜಾಲರಿಯಲ್ಲಿ ಕೂತುಬಿಟ್ಟಿರುತ್ತವೆ. ನಾನು ಕೆಲಸ ಮಾಡಿ ನಿವೃತ್ತಳಾದ ಸ್ನಾತಕೋತ್ತರ ಕೇಂದ್ರದವರು ಹೋದ ತಿಂಗಳು ಒಂದು ವಿಚಾರ ಸಂಕಿರಣಕ್ಕೆ ಕರೆದಿದ್ದರು. ಮೂಡಿಗೆರೆ ರಸ್ತೆಯ ಗುಡ್ಡದ ಮೇಲಿನ ಅದೇ ಕಟ್ಟಡ, ಅದೇ ಸಭಾಂಗಣ. ನನ್ನ ಸರದಿ ಬರುವ ಹೊತ್ತಿಗೆ ಸರಿಯಾಗಿ ಹೊಸ ಸೌಂಡ್ ಸಿಸ್ಟಮ್ ಕೈಕೊಟ್ಟಿತು. ಸ್ಟೋರ್‌ರೂಮಿನಿಂದ ಹಳೆಯ ಮೈಕನ್ನು ಹುಡುಕಿ ತಂದು, ಧೂಳು ಒರೆಸಿ ನನ್ನ ಮುಂದೆ ನಿಲ್ಲಿಸಿದರು. ಬಾಯಿ ಹತ್ತಿರ ಒಯ್ದೆ... ನಮ್ಮ ವಂದನಾರ್ಪಣೆ ಮೇಷ್ಟ್ರು ನೆನಪಾಗಿಬಿಟ್ಟರು.

ತೊಂಬತ್ತರ ದಶಕದ ಮೊದಲಲ್ಲಿ ನಾನು ಅಲ್ಲಿಗೆ ಅರ್ಥಶಾಸ್ತ್ರದ ಉಪನ್ಯಾಸಕಿಯಾಗಿ ಬಂದೆ. ಬಯಲುಸೀಮೆಯವಳು, ಮದುವೆಯಾಗದವಳು, ಈ ಊರಲ್ಲಿ ನನ್ನವರು ಅನ್ನುವವರು ಯಾರೂ ಇರಲಿಲ್ಲ. ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಜೂನ್ ಬಂತೆಂದರೆ ಸೀರೆ ಒಣಗುವುದಿಲ್ಲ, ಬೆಂಕಿಪೊಟ್ಟಣ ಹತ್ತುವುದಿಲ್ಲ, ಮಾತಾಡಲು ಒಂದು ನರಪಿಳ್ಳೆ ಇರುವುದಿಲ್ಲ. ಭಾನುವಾರ ಬೆಳಗ್ಗೆ ಹಾಲಿನವನ ಹತ್ತಿರ ಆಡಿದ ನಾಲ್ಕು ಮಾತೇ ಆ ದಿನದ ಮಾತು. ಅಂಥದ್ದರಲ್ಲಿ ನನ್ನನ್ನು ಬದುಕಿಸಿದ್ದು ಕೇಂದ್ರದ ಶನಿವಾರದ ಕಾರ್ಯಕ್ರಮಗಳು. ಒಂದು ವಾರ ಸಾರ್ವಜನಿಕ ಉಪನ್ಯಾಸ, ಇನ್ನೊಂದು ವಾರ ಸಿನಿಮಾ. ಯಾರು ಏನು ಮಾತಾಡಿದರೂ ಸರಿ, ಜನರ ಮಧ್ಯೆ ಕುರ್ಚಿ ಹಾಕಿಕೊಂಡು ಕೂರುವುದಕ್ಕೆ ಸಿಗುತ್ತದಲ್ಲ ಎಂದು ಹೋಗುತ್ತಿದ್ದೆ.

ಹೋದ ತಪ್ಪಿಗೆ ಪ್ರಾರ್ಥನೆ ನನ್ನ ತಲೆಗೆ ಕಟ್ಟಿದರು. ಹಾಡು ಬರುತ್ತದೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಹೆಂಗಸು ಅಂದಮೇಲೆ ಪ್ರಾರ್ಥನೆ ಅವಳ ಪಾಲಿಗೆ, ಅಷ್ಟೆ. ಜನ ಇನ್ನೂ ಕೊಡೆ ಕೊಡವಿಕೊಂಡು, ಕುರ್ಚಿ ಎಳೆದುಕೊಂಡು, "ಏನ್ ಮಾರಾಯಾ, ನಿಮ್ಕಡೆ ಮಳೆ ಹೆಂಗೆ?" ಎಂದು ವಿಚಾರಿಸಿಕೊಳ್ಳುವಾಗ ನಾನು ಗಣಪತಿಯನ್ನು ಕರೆಯುತ್ತಿದ್ದೆ. ಪುಣ್ಯಕ್ಕೆ ಗಣಪತಿಯೂ ಕೇಳಿಸಿಕೊಂಡ ಹಾಗೆ ಕಾಣೆ.

ಕೊನೆಯದು, ವಂದನಾರ್ಪಣೆ, ಮೇಷ್ಟ್ರ ಪಾಲು. ಅವರು ಇತಿಹಾಸದ ಉಪನ್ಯಾಸಕರು, ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು. ಗಿಡ್ಡ ಆಳು, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ. ಒಂಟಿ ಜೀವ. ನಾನು ಬರುವ ಎಷ್ಟೋ ಮೊದಲಿನಿಂದ ವಂದನಾರ್ಪಣೆ ಅವರದೇ. ಸ್ವಾಗತಕ್ಕೆ, ಪ್ರಾಸ್ತಾವಿಕಕ್ಕೆ, ಅತಿಥಿಗಳ ಪರಿಚಯಕ್ಕೆ ಜನ ನಾ ಮುಂದು ತಾ ಮುಂದು ಎನ್ನುತ್ತಿದ್ದರು. ವಂದನಾರ್ಪಣೆಗೆ ಮಾತ್ರ ಎಲ್ಲರ ಕೈಯೂ ಅವರತ್ತ. "ಈಗ ವಂದನಾರ್ಪಣೆ" ಎಂದ ಕೂಡಲೇ ಸಭೆ ಏಳುತ್ತಿತ್ತು. ಕಳಸದ ಬಸ್ಸಿಗೆ ಹೋಗುವವರು, ಗೋಣಿಬೀಡಿಗೆ ಹೋಗುವವರು, ಹೊರಗೆ ಉಪ್ಪಿಟ್ಟಿನ ಘಮಕ್ಕೆ ಸೋತವರು, ಎಲ್ಲರಿಗೂ ಒಮ್ಮೆಲೇ ಅವಸರ. ಅಧ್ಯಕ್ಷರ ಎತ್ತರಕ್ಕೆ ಏರಿಸಿದ್ದ ಮೈಕನ್ನು ಅವರಿಗಾಗಿ ಯಾರೂ ಇಳಿಸುತ್ತಿರಲಿಲ್ಲ. ತುದಿಗಾಲಲ್ಲಿ ನಿಂತು, ಗದ್ದ ಮೇಲೆತ್ತಿ, ಹೋಗುವವರ ಬೆನ್ನಿಗೆ ಅವರು ವಂದಿಸುತ್ತಿದ್ದರು.

ನಾನು ಏಳುತ್ತಿರಲಿಲ್ಲ. ಎದ್ದು ಹೋಗುವುದಾದರೂ ಎಲ್ಲಿಗೆ, ಆ ಕೋಣೆಗೆ ತಾನೆ? ಕೂತು ಕೇಳುತ್ತಾ ಹೋದ ಹಾಗೆ ಆ ಮನುಷ್ಯ ವಂದಿಸುವ ರೀತಿಯೇ ಬೇರೆ ಎಂದು ತಿಳಿಯಿತು. ಅತಿಥಿಗಳದು, ಅಧ್ಯಕ್ಷರದು ಒಂದೇ ಉಸಿರಿಗೆ ಮುಗಿಸುವರು. ಆಮೇಲೆ ನಿಧಾನಕ್ಕೆ, ಒಬ್ಬೊಬ್ಬರ ಹೆಸರು ಹಿಡಿದು, ಬೆಳಗ್ಗೆ ನೆಲ ಒರೆಸಿದಾಕೆಗೆ, ಕುರ್ಚಿ ಹೊತ್ತವರಿಗೆ, ಉಪ್ಪಿಟ್ಟು ಕೆದಕಿದ ಭಟ್ಟರಿಗೆ. ಸಿನಿಮಾದ ದಿನ, ಬೆಂಗಳೂರಿಂದ ಬಂದ ರೀಲಿನ ಡಬ್ಬವನ್ನು ಮಳೆಗೆ ನೆನೆಯದಂತೆ ತನ್ನ ಸೀಟಿನಡಿ ಇಟ್ಟುಕೊಂಡು ತಂದ ಕಂಡಕ್ಟರಿಗೆ. ಒಮ್ಮೆಯಂತೂ "ಇಷ್ಟು ಹೊತ್ತೂ ಕರೆಂಟು ತೆಗೆಯದೆ ಔದಾರ್ಯ ತೋರಿದ ಲೈನ್‌ಮನ್ ಅವರಿಗೆ" ಎಂದು ಗಂಭೀರವಾಗಿ ಹೇಳಿದರು. ನಾನು ಜೋರಾಗಿ ನಕ್ಕುಬಿಟ್ಟೆ. ಖಾಲಿ ಕುರ್ಚಿಗಳ ನಡುವೆ ಕೂತಿದ್ದ ನನ್ನನ್ನು ಅವರು ಅವತ್ತು ಸರಿಯಾಗಿ ನೋಡಿದರು. ಹೊರಗೆ ಬಂದವರೇ, "ಓಹೋ, ಕೇಳೋರೂ ಇದಾರಲ್ಲ!" ಎಂದರು.

ಅಲ್ಲಿಂದ ಶನಿವಾರ ಸಂಜೆ ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆಯುವುದು ರೂಢಿಯಾಯಿತು. ಒಮ್ಮೆ ಸಿನಿಮಾ ಮುಗಿಯುವ ಹೊತ್ತಿಗೆ ಕರೆಂಟು ಹೋಗಿ ಎಲ್ಲರೂ ಬೈದುಕೊಳ್ಳುತ್ತ ಎದ್ದು ಹೋಗಿದ್ದರು. ಅವರು ಆ ಚಿತ್ರವನ್ನು ಮೈಸೂರಿನಲ್ಲಿ ನೋಡಿದ್ದರಂತೆ. ದಾರಿಯುದ್ದಕ್ಕೂ ಅದರ ಕೊನೆಯನ್ನು ಅಭಿನಯಿಸಿ ತೋರಿಸಿದರು. ಕೊಡೆಯೇ ನಾಯಕಿ, ಟಾರ್ಚೇ ಖಳನಾಯಕ. ನನ್ನ ಕೋಣೆಯಲ್ಲಿ ಆ ರಾತ್ರಿ ಒಬ್ಬಳೇ ನಗುತ್ತಾ ಅನ್ನಕ್ಕಿಟ್ಟಿದ್ದು ನೆನಪಿದೆ.

ಅವರಿಗೂ ಒಂದು ಆಸೆ ಇತ್ತು. ಒಂದು ಉಪನ್ಯಾಸ ಮಾಡಬೇಕು, ಅಷ್ಟೆ. ವಿಷಯ "ಘಟ್ಟ ಹತ್ತಿದವರು". ಕೆಳಗಿನ ಕರಾವಳಿಯಿಂದ ಚಾರ್ಮಾಡಿ ಘಟ್ಟ ಹತ್ತಿ ಈ ಕಾಫಿ ತೋಟಗಳಿಗೆ ಕೂಲಿಗೆ ಬಂದವರ ಕಥೆ. ಪ್ರತಿ ವರ್ಷ ಕಾರ್ಯಕ್ರಮದ ಪಟ್ಟಿ ಮಾಡುವಾಗ ಅವರು ಕೇಳುವುದು, ಕೇಂದ್ರದ ನಿರ್ದೇಶಕರು "ನೋಡೋಣ ಮೇಷ್ಟ್ರೇ, ಮುಂದಿನ್ಸಲ" ಎನ್ನುವುದು. ನಿರ್ದೇಶಕರು ಕೆಟ್ಟವರಲ್ಲ. ಉಪನ್ಯಾಸಗಳಿಗೆ ದತ್ತಿ ಇಟ್ಟವರು ತೋಟದ ಯಜಮಾನರು, ಮುಂದಿನ ಸಾಲಲ್ಲಿ ಕೂರುವವರೂ ಅವರೇ. ಸುಮ್ಮನೆ ಯಾಕೆ ಎಂಬ ಲೆಕ್ಕ. ಇನ್ನು ವಂದನಾರ್ಪಣೆಯವರು ಉಪನ್ಯಾಸ ಮಾಡುತ್ತಾರೆ ಎಂದರೆ ನಮ್ಮ ಸಹೋದ್ಯೋಗಿಗಳಿಗೆ ನಗು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಅವಕಾಶ ಸಿಕ್ಕಿದ್ದು ಒಂದು ಆಷಾಢದಲ್ಲಿ. ವರ್ಷದ ದೊಡ್ಡ ದತ್ತಿ ಉಪನ್ಯಾಸ. ಮಂಗಳೂರಿನಿಂದ ಹೆಸರಾಂತ ವಿದ್ವಾಂಸರೊಬ್ಬರು ಬರಬೇಕಿತ್ತು. ಸಭಾಂಗಣ ಕಿಕ್ಕಿರಿದಿತ್ತು. ನನ್ನ ಪ್ರಾರ್ಥನೆಯೂ ಆಯಿತು, ಅತಿಥಿಗಳ ಪತ್ತೆಯಿಲ್ಲ. ಅಷ್ಟರಲ್ಲಿ ಕೊಟ್ಟಿಗೆಹಾರದಿಂದ ಫೋನು ಬಂತು. ರಸ್ತೆಗೆ ಮರ ಬಿದ್ದಿದೆ, ಕಾರು ಆಚೆಯೇ ನಿಂತಿದೆ, ಇವತ್ತು ದಾರಿ ಬಿಡಿಸುವುದು ಅನುಮಾನ. ನಿರ್ದೇಶಕರು ಬೆವೆತುಹೋದರು. ಮುಂದಿನ ಸಾಲಿನವರು ಗಡಿಯಾರ ನೋಡಿಕೊಳ್ಳತೊಡಗಿದಾಗ ಬೇರೆ ದಾರಿಯೇ ಇಲ್ಲದೆ ಹೇಳಿದರು: "ಮೇಷ್ಟ್ರೇ, ನೀವೇ ಏನೋ ಒಂದು ಮಾತಾಡಿಬಿಡಿ. ಜನ ಎದ್ದು ಹೋಗ್ದೇ ಇದ್ರೆ ಸಾಕು."

ಅವರು ವೇದಿಕೆಗೆ ಹೋಗಿ ಎಂದಿನಂತೆ ತುದಿಗಾಲಲ್ಲಿ ನಿಂತರು. ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ, ತಿರುಪು ಸಡಿಲ ಮಾಡಿ, ಮೈಕನ್ನು ಅವರ ಬಾಯಿಯ ಮಟ್ಟಕ್ಕೆ ಇಳಿಸಿ ಬಂದೆ. ಅವರು ಹಿಮ್ಮಡಿ ಊರಿ ನಿಂತರು. ಒಂದು ಚೀಟಿ ಇಲ್ಲ, ಕೆಮ್ಮಿಲ್ಲ, "ವೇದಿಕೆಯ ಮೇಲಿರುವ" ಎಂಬ ಸಂಬೋಧನೆಯೂ ಇಲ್ಲ.

"ಘಟ್ಟ ಹತ್ತುವವರು ಮೊದಲು ಮಾಡುತ್ತಿದ್ದ ಕೆಲಸ ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಳ್ಳುವುದು" ಎಂದು ಶುರು ಮಾಡಿದರು. "ರಕ್ತ ಹೀರುವ ಉಂಬಳ ಹತ್ತಬಾರದು ಎಂದು. ಆದರೂ ಹತ್ತುತ್ತಿದ್ದವು."

ಆಮೇಲೆ ಅವರೆಲ್ಲ ನಮ್ಮ ಕಣ್ಣ ಮುಂದೆಯೇ ಹತ್ತಿ ಬಂದರು. ಚಾಪೆ ಸುತ್ತಿ ತಲೆಮೇಲಿಟ್ಟವರು, ಒಣಮೀನಿನ ಗಂಟು ಹಿಡಿದವರು, ಬುಟ್ಟಿಯಲ್ಲಿ ಕೋಳಿ ಹೊತ್ತ ಮುದುಕಿ, ತಿರುವಿನಲ್ಲಿ ಕೂತು ಕೆಳಗೆ ತನ್ನೂರು ಕಾಣುತ್ತದೋ ಎಂದು ಬಗ್ಗಿ ನೋಡುವ ಹುಡುಗಿ, ಮುಂದೆ ಮುಂದೆ ಕೂಗುತ್ತಾ ಹೋಗುವ ಮೇಸ್ತ್ರಿ. ಹಿಂದಿನ ಬೆಂಚಿನ ಹುಡುಗರ ಗುಸುಗುಸು ನಿಂತಿತು. ಮುಂದಿನ ಸಾಲಿನ ಹಿರಿಯ ಯಜಮಾನರು ಎಲೆಅಡಿಕೆ ಅಗಿಯುವುದನ್ನೇ ಬಿಟ್ಟು ಕೇಳುತ್ತಿದ್ದರು. ಎದ್ದು ಹೋದವರು ಒಬ್ಬರೂ ಇಲ್ಲ. ನನ್ನ ಕಣ್ಣು ತುಂಬಿ ಬಂತು. ಸಂಕಟಕ್ಕಲ್ಲ, ಅವತ್ತು ಹೆಮ್ಮೆಗೆ.

"ಹಾಗೆ ಹತ್ತಿ ಬಂದವರಲ್ಲಿ ಒಬ್ಬಳು ತುಂಬಿದ ಬಸುರಿ" ಎಂದರು. ದನಿ ಸ್ವಲ್ಪ ಇಳಿಯಿತು. "ಬಾಳೂರಿನ ಒಂದು ತೋಟದ ಕೂಲಿ ಲೈನಿನ ಸಾಲುಮನೆಯಲ್ಲಿ ಹೆತ್ತಳು. ಹುಟ್ಟಿದ ಮಗು ಈಗ ತಮ್ಮ ಮುಂದೆ ನಿಂತಿದೆ. ಅವಳು ಆ ತೋಟದಲ್ಲಿ ಸಾಯುವವರೆಗೆ ದುಡಿದಳು. ಅವಳ ಹೆಸರಿನಿಂದ ಅವಳನ್ನು ಅಲ್ಲಿ ಯಾರೂ ಕರೆಯಲಿಲ್ಲ. ಆ ಹೆಸರನ್ನು ಇವತ್ತು ಈ ಸಭೆಯಲ್ಲಿ ಹೇಳಬೇಕೆಂದು ನನಗೆ ಬಹಳ ವರ್ಷಗಳಿಂದ ಆಸೆ. ಅವಳ ಹೆಸರು..."

ಹೊರಗೆ ಜೀಪಿನ ಹಾರನ್.

ಅತಿಥಿಗಳು ಬಂದೇಬಿಟ್ಟಿದ್ದರು. ಆಳುಗಳು ಮರ ಕಡಿದು ದಾರಿ ಬಿಡಿಸಿದ್ದರು, ಯಾರದೋ ಜೀಪು ಇವರನ್ನು ಹತ್ತಿಸಿಕೊಂಡು ಬಂದಿತ್ತು. ನಿರ್ದೇಶಕರು ಹಾರ ಹಿಡಿದು ಓಡಿದರು. ಸಭೆಯ ತಲೆಗಳೆಲ್ಲ ಬಾಗಿಲ ಕಡೆ ತಿರುಗಿದವು, ಚಪ್ಪಾಳೆ ಬಿತ್ತು. ಮೇಷ್ಟ್ರು ಬಾಯಿ ತೆರೆದವರು ಹಾಗೇ ನಿಂತಿದ್ದರು. ಆಮೇಲೆ ಬಾಯಿ ಮುಚ್ಚಿ, ಎರಡೂ ಕೈ ಜೋಡಿಸಿ, ಕೆಳಗಿಳಿದು ಬಂದು ತಮ್ಮ ಜಾಗದಲ್ಲಿ ಕೂತರು. ಹಿಂದೆಯೇ ಯಾರೋ ಹೋಗಿ ಮೈಕನ್ನು ಮೇಲಕ್ಕೇರಿಸಿದರು.

ಆ ವಿದ್ವಾಂಸರು ಸಂಸ್ಕೃತಿಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಒಂದಕ್ಷರ ನನ್ನ ತಲೆಗೆ ಹೋಗಲಿಲ್ಲ. ಕೊನೆಗೆ ವಂದನಾರ್ಪಣೆ. ಕುರ್ಚಿಗಳ ಸದ್ದಿನ ನಡುವೆ ಮೇಷ್ಟ್ರು ಮತ್ತೆ ತುದಿಗಾಲಲ್ಲಿ ನಿಂತು ಎಲ್ಲರಿಗೂ ವಂದಿಸಿದರು. ಕಡೆಯಲ್ಲಿ ಹೇಳಿದರು: "ಮಳೆಯಲ್ಲಿ ನೆನೆಯುತ್ತಾ ಮರ ಕಡಿದು, ಅತಿಥಿಗಳಿಗೆ ದಾರಿ ಬಿಡಿಸಿಕೊಟ್ಟ ಬಾಳೂರಿನ ಕಡೆಯ ಆಳುಗಳಿಗೆ ವಂದನೆಗಳು. ಅವರ ಹೆಸರುಗಳು ನನಗೆ ಸಿಗಲಿಲ್ಲ, ಕ್ಷಮಿಸಬೇಕು." ಅದನ್ನು ಕೇಳಿದವಳು ನಾನೊಬ್ಬಳೇ ಇರಬೇಕು.

ಬಸ್‌ಸ್ಟ್ಯಾಂಡಿಗೆ ನಡೆಯುವಾಗ ನಾನೇ ಬಾಯಿಬಿಟ್ಟೆ. "ಹೆಸರು ನನಗಾದರೂ ಹೇಳಿ ಮೇಷ್ಟ್ರೇ."

"ಬೇಡ ಮೇಡಂ. ನಿಮ್ಮ ಹತ್ರ ಹೇಳಿದ್ರೆ ನಂಗೆ ಸಮಾಧಾನ ಆಗ್ಬಿಡತ್ತೆ. ಆಮೇಲೆ ಅಲ್ಲಿ ಹೇಳೋ ಹಟಾನೇ ಹೋಗತ್ತೆ. ಅದು ಮೈಕಲ್ಲೇ ಆಗ್ಬೇಕು."

"ಹಾಗಾದರೆ ಮುಂದಿನ ವಾರ ವಂದನಾರ್ಪಣೆಯಲ್ಲೇ ಸೇರಿಸಿ ಹೇಳಿಬಿಡಿ. ಯಾರು ತಡೀತಾರೆ?"

ಅವರು ನಿಂತುಬಿಟ್ಟರು. ಕೊಡೆಯ ಅಂಚಿನಿಂದ ನೀರು ಅವರ ತೋಳಿಗೆ ಸುರಿಯುತ್ತಿತ್ತು. "ಎದ್ದು ಹೋಗೋರ ಬೆನ್ನಿಗೆ ನಮ್ಮಮ್ಮನ ಹೆಸರು ಹೇಳ್ಲಾ, ಮಾರಾಯ್ತಿ?"

ಮೇಡಂ ಬಿಟ್ಟು ಮಾರಾಯ್ತಿ ಅಂದದ್ದು ಅದೊಂದೇ ಸಲ. ನಾನು ಮತ್ತೆ ಆ ಮಾತೆತ್ತಲಿಲ್ಲ.

ಆ "ಮುಂದಿನ್ಸಲ" ಬರಲೇ ಇಲ್ಲ. ನಿರ್ದೇಶಕರು ಬದಲಾದರು, ಸಿನಿಮಾದ ರೀಲುಗಳು ನಿಂತು ಸಿ.ಡಿ.ಗಳು ಬಂದವು, ಶನಿವಾರದ ಜನ ಕರಗುತ್ತಾ ಹೋದರು. ಮೇಷ್ಟ್ರು ಕೇಳುತ್ತಲೇ ಇದ್ದರು, ವಂದಿಸುತ್ತಲೇ ಇದ್ದರು. ಎರಡು ಸಾವಿರದ ಈಚೆಗೆ, ನಿವೃತ್ತಿಗೆ ಸ್ವಲ್ಪವೇ ಬಾಕಿ ಇರುವಾಗ, ಜ್ವರ ಎಂದು ರಜೆ ಹಾಕಿದವರು ತಿರುಗಿ ಬರಲಿಲ್ಲ. ಅದೇ ಸಭಾಂಗಣದಲ್ಲಿ ಸಂತಾಪ ಸಭೆ ನಡೆಯಿತು. ಸರಳ ವ್ಯಕ್ತಿ, ಎಂದೂ ತಡವಾಗಿ ಬಂದವರಲ್ಲ ಎಂದರು. ಸಂತಾಪ ಸಭೆಯಲ್ಲಿ ವಂದನಾರ್ಪಣೆ ಇರುವುದಿಲ್ಲವಲ್ಲ... ಒಂದು ನಿಮಿಷ ಎದ್ದು ನಿಂತರು, ಹೋದರು. ಜೋಡಿಸಿಟ್ಟ ಕುರ್ಚಿಗಳ ನಡುವೆ ನಾನು ಕೂತೇ ಇದ್ದೆ. ಶನಿವಾರ ಸಂಜೆಗಳು ಇನ್ನು ಏನು ಮಾಡಿದರೂ ನೀಗುವುದಿಲ್ಲ ಎಂದು ಅಲ್ಲೇ ಅತ್ತೆ.

ಕೆಲವು ತಿಂಗಳ ಮೇಲೆ ಬಾಳೂರಿನ ಆ ತೋಟವನ್ನು ಹುಡುಕಿಕೊಂಡು ಹೋದೆ. ಹಳೆಯ ಕೂಲಿ ಲೈನನ್ನು ಕೆಡವಿ ಪ್ರವಾಸಿಗರಿಗೆ ಕೋಣೆಗಳನ್ನು ಕಟ್ಟಿದ್ದರು. ಕಣ್ಣು ಮಂಜಾದ ಮುದುಕ ಮೇಸ್ತ್ರಿ ಒಬ್ಬರು ಸಿಕ್ಕರು. ಮಗ ದೊಡ್ಡ ಕಾಲೇಜಿನಲ್ಲಿ ಮೇಷ್ಟ್ರಾದ ಹೆಂಗಸು ಎಂದ ಕೂಡಲೇ ಅವರಿಗೆ ನೆನಪಾಯಿತು.

"ಇದ್ಲು, ಇದ್ಲು. ಭಾರೀ ಕೆಲಸಗಾರ್ತಿ. ಕಾಫಿ ಹಣ್ಣು ಕುಯ್ಯಕ್ಕೆ ಅವಳ ಕೈಗೆ ಸಾಟಿ ಇರ್ಲಿಲ್ಲ."

"ಹೆಸರೇನು?"

"ಕೆಳಗಿನೋಳು ಅಂತಿದ್ವಿ, ಅಮ್ಮ. ಘಟ್ಟದ ಕೆಳಗಿನೋಳು."

ಇದನ್ನೆಲ್ಲ ಬರೆಯುವಾಗ ಮೇಷ್ಟ್ರ ಹೆಸರನ್ನೂ ನಾನು ಬರೆದಿಲ್ಲ. ಅಮ್ಮನ ಹೆಸರು ಬಾರದ ಕಡೆ ತಮ್ಮದು ಬರುವುದು ಅವರಿಗೆ ಬೇಕಿರಲಿಲ್ಲ ಎಂದು ನನ್ನ ಭಾವನೆ.

ಹೋದ ತಿಂಗಳು ಆ ಹಳೆಯ ಮೈಕಿನ ಮುಂದೆ ನಿಂತಾಗ, ಬರೆದುಕೊಂಡು ಹೋಗಿದ್ದನ್ನು ಮಡಚಿ ಬ್ಯಾಗಿಗೆ ಹಾಕಿದೆ. ಸುಣ್ಣ, ಹೊಗೆಸೊಪ್ಪಿನಿಂದ ಶುರು ಮಾಡಿ, ನೆನಪಿದ್ದಷ್ಟನ್ನೂ ಹೇಳಿದೆ. ಕೋಳಿ ಬುಟ್ಟಿಯ ಮುದುಕಿ, ಬಗ್ಗಿ ನೋಡುವ ಹುಡುಗಿ, ತುಂಬಿದ ಬಸುರಿ. ಹುಡುಗರು ಮೊಬೈಲು ಕೆಳಗಿಟ್ಟು ಕೇಳಿದರು. "ಅವಳ ಹೆಸರು" ಎಂದೆ. ಮುಂದೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಸುಮ್ಮನೆ ನಿಂತೆ.

ಮೈಕ್ ಕೆಟ್ಟಿತೆಂದುಕೊಂಡು ಸೌಂಡ್ ಸಿಸ್ಟಮ್ಮಿನವನು ಓಡಿ ಬಂದು ಅದನ್ನು ತಟ್ಟಿದ. "ಹಲೋ, ಹಲೋ" ಎಂದ. ಅವನ ದನಿ ಸಭಾಂಗಣದ ಕೊನೆಯ ಗೋಡೆಯವರೆಗೂ ಚೆನ್ನಾಗಿ ಕೇಳಿಸಿತು.

"ಮೈಕ್ ಸರಿಯಾಗೇ ಇದೆಯಪ್ಪಾ" ಎಂದೆ. "ಹೆಸರು ನನಗೆ ಗೊತ್ತಿಲ್ಲ."

ಸಭೆ ನಕ್ಕಿತು. ವಯಸ್ಸಾದವಳು, ಮರೆತಿದ್ದಾಳೆ ಎಂದುಕೊಂಡಿರಬೇಕು. ನಾನು ಕೈ ಜೋಡಿಸಿ ಕೆಳಗಿಳಿದು ಬಂದು ಕೂತೆ.